ಹಲ್ಲಿರುವ ಬಟ್ಟಲು

ಮಾರ್ಚ್ ೩, ಸೋಮವಾರ

ಬರೆಯುವುದಕ್ಕೆ ಏನೂ ಇಲ್ಲ. ಆದರೂ ಬರೆಯಬೇಕಂತೆ.

ವ್ಯಾಯಾಮ ಮಾಡಿಸಲು ಬರುವ ಹುಡುಗಿ ನನ್ನ ಹೆಂಡತಿಗೆ ದಿನಾ ಸಂಜೆ ಎಡಗೈಯಲ್ಲಿ ಒಂದು ಪುಟ ಬರೆಯಬೇಕು ಅಂದಳು. ಲಕ್ವ ಹೊಡೆದು ಬಲಗೈ ಕೊರಡಾದ ಮೇಲೆ ಇನ್ನು ಎಡಗೈಯೇ ಗತಿ, ಅದನ್ನು ಪಳಗಿಸಬೇಕು ಅಂತ ಅವಳ ಲೆಕ್ಕ. ಇವಳು ಪೆನ್ಸಿಲನ್ನು ಅತ್ತ ಎಸೆದು, ನನ್ನ ಕಡೆ ಬೆರಳು ತೋರಿಸಿ, ‘ಇವರೂ’ ಅಂದಳು. ಈಗ ಅವಳಿಗೆ ಮಾತು ಬರುವುದು ಅಷ್ಟೇ. ಒಂದೊಂದೇ ಪದ, ಅದೂ ಆಳದ ಬಾವಿಯಿಂದ ಕೊಡ ಸೇದಿದ ಹಾಗೆ. ಹುಡುಗಿಗೆ ಖುಷಿಯೋ ಖುಷಿ, ಇಬ್ಬರೂ ಬರೆಯಿರಿ ಅಂತ ಎರಡು ನೋಟ್‌ಬುಕ್ ಇಟ್ಟು ಹೋದಳು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ಜೀವಮಾನವೆಲ್ಲ ಬಸ್ಸು ಓಡಿಸಿದೆ. ಸಹಿ ಬಿಟ್ಟರೆ ಬೇರೇನೂ ಬರೆದವನಲ್ಲ. ಈಗ ಊಟದ ಮೇಜಿನ ಆ ಕಡೆ ಅವಳು ಕೋಲು, ಸೊನ್ನೆ ಬರೆಯುತ್ತಿದ್ದಾಳೆ, ಈ ಕಡೆ ನಾನು ಇದನ್ನು. ಒಂದು ಅನುಕೂಲ ಇದೆ. ಓದುವವರು ಯಾರೂ ಇಲ್ಲ, ಬೇಕಾದವರನ್ನು ಬೈಯಬಹುದು.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಕೂತಳು. ಒಂದು ಗುಂಡಿಗೆ ನನ್ನ ಒಂದು ಲೋಟ ಟೀ ಮುಗಿಯಿತು. ನೋಡಿ ನೋಡಿ ತಲೆ ಕೆಟ್ಟು, ಬಿಡು ಅಂತ ಕೈ ಸರಿಸಿ ನಾನೇ ಎಲ್ಲಾ ಹಾಕಿದೆ. ಥ್ಯಾಂಕ್ಸ್ ಹೇಳುವುದು ಬಿಟ್ಟು ಮುಖ ತಿರುಗಿಸಿದಳು.

ಮಧ್ಯಾಹ್ನ ‘ಕಿ...’ ಅಂದಳು. ಕಿಟಕಿ ಇರಬೇಕು ಅಂತ ಮುಚ್ಚಿದೆ. ತಲೆ ಅಲ್ಲಾಡಿಸಿದಳು. ತೆರೆದೆ. ಅದೂ ಅಲ್ಲ. ಕಿವಿ ನೋವಾ, ಕಿರಿಕಿರಿನಾ, ಕಿರಿ ತಂಗಿಗೆ ಫೋನ್ ಮಾಡಬೇಕಾ, ಅಂತ ನನಗೆ ಗೊತ್ತಿದ್ದ ಕಿಗಳನ್ನೆಲ್ಲ ಕೇಳಿದೆ. ಕೊನೆಗೆ ಅವಳೇ ಸೋತು ಕಣ್ಣು ಮುಚ್ಚಿಕೊಂಡಳು. ಏನಿತ್ತೋ ಏನೋ.

ಮಾರ್ಚ್ ೭, ಶುಕ್ರವಾರ

ಇವತ್ತು ಬರೆಯುವುದಿದೆ. ಬೇಡವಾಗಿತ್ತು.

ನಾನು ತರಕಾರಿ ತರಲು ಹೋಗಿದ್ದೆ. ಬರುವಷ್ಟರಲ್ಲಿ ಇವಳು ಕೋಲೂರಿಕೊಂಡು ಅಡುಗೆಮನೆಗೆ ನುಗ್ಗಿದ್ದಾಳೆ. ದೊಡ್ಡ ಸ್ಟೀಲ್ ಬಟ್ಟಲಿಗೆ ಹಿಟ್ಟು ಹಾಕಿ, ಕುದಿಯುವ ನೀರು ಸುರಿದು, ಒಂದೇ ಕೈಯಲ್ಲಿ ಕಲಸಲು ಹೊರಟಿದ್ದಾಳೆ. ಕಲ್ಲಿನ ಕಟ್ಟೆ, ನುಣುಪು ಬಟ್ಟಲು, ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ಚಮಚ ಒಂದು ಸುತ್ತು ತಿರುಗಿಸಿದ್ದಕ್ಕೇ ಬಟ್ಟಲು ಜಾರಿ ಕಟ್ಟೆಯಾಚೆ ಹಾರಿದೆ. ನಾನು ಬಂದಾಗ ಪಾದದ ಮೇಲೆ ಬಿಸಿ ಹಿಟ್ಟು ಮೆತ್ತಿಕೊಂಡು, ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಬಟ್ಟಲನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಬೊಬ್ಬೆ ಎದ್ದಿದೆ. ಆಸ್ಪತ್ರೆಗೆ ಹೋಗುವಷ್ಟಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ನಾನು ಮಾಡುವ ಅಡುಗೆಗೆ ಏನು ದಾಡಿ ಅಂದೆ. ಅದಕ್ಕೆ ಅವಳು ಮೂಲೆಯಲ್ಲಿದ್ದ ನನ್ನ ನಿನ್ನೆಯ ಅನ್ನದ ಪಾತ್ರೆ ನೋಡಿದಳು. ಅನ್ನ ಇನ್ನೂ ಪಾತ್ರೆಯ ಆಕಾರದಲ್ಲೇ ಇತ್ತು.

ಮಾರ್ಚ್ ೯, ಭಾನುವಾರ

ಮಗಳು ಬಂದಿದ್ದಳು. ಪ್ರತಿ ಭಾನುವಾರ ಬರುತ್ತಾಳೆ, ಅವಳ ಮನೆ ಒಂದೇ ಬಸ್ಸಿನ ದೂರ. ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಮನೆಯಲ್ಲೂ ಅದೇ ದನಿ. ಕಾಲಿನ ಬೊಬ್ಬೆ ನೋಡಿದವಳೇ ತೀರ್ಮಾನ ಕೊಟ್ಟಳು. ಈ ತಿಂಗಳ ಕೊನೆಯ ಭಾನುವಾರ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದು. ರೂಮು ಇದೆ, ಅಡುಗೆಯವಳಿದ್ದಾಳೆ, ಅಮ್ಮ ಏನನ್ನೂ ಮುಟ್ಟಬೇಕಾಗಿಲ್ಲ. ಬೇಕಾದರೆ ನೀನೂ ಬಾ ಅಂತ ನನಗೂ ಒಂದು ಸೀಟು ಕೊಟ್ಟಳು. ಸ್ಟ್ಯಾಂಡಿಂಗ್ ಪ್ಯಾಸೆಂಜರಿಗೆ ಕೊಡುವ ಹಾಗೆ.

ನನಗೆ ಅದು ತಪ್ಪು ಅಂತ ಅನಿಸಲಿಲ್ಲ. ಸುಳ್ಳು ಯಾಕೆ ಬರೆಯಲಿ.

ಇವಳು ಮಗಳು ಮುಗಿಸುವ ತನಕ ಕೇಳಿ, ‘ಇಲ್ಲ’ ಅಂದಳು.

‘ಅಮ್ಮ, ಒಂದು ಬಟ್ಟಲು ಹಿಡ್ಕೊಳೋಕಾಗಲ್ಲ ನಿನಗೆ. ಇವತ್ತು ಕಾಲು, ನಾಳೆ ಮುಖ ಸುಟ್ಕೊಂಡ್ರೆ?’

‘ನನ್ನ...’ ಅಂದಳು. ಮುಂದಿನ ಪದ ಬರಲಿಲ್ಲ. ಮಗಳು ರೂಮು ಅಂದಳು, ನಾನು ಮಂಚ ಅಂದೆ. ಇಬ್ಬರನ್ನೂ ಸುಟ್ಟುಬಿಡುವ ಹಾಗೆ ನೋಡಿದಳು. ಮಗಳು ಹೋಗಿ ಚಪ್ಪಲಿ ಹಾಕಿಕೊಳ್ಳುವಾಗ ಬಂತು ಆ ಪದ. ‘ಒಲೆ.’ ಅಷ್ಟು ಹೊತ್ತಿಗೆ ಕೇಳಲು ನಾನೊಬ್ಬನೇ ಇದ್ದೆ.

ಮಾರ್ಚ್ ೧೦, ಸೋಮವಾರ

ನನ್ನ ಹಳೇ ಬಸ್ಸಿನಲ್ಲಿ ಸ್ಟೇರಿಂಗ್ ಪಕ್ಕ ಒಂದು ಹಲಗೆ ಇತ್ತು. ಅದಕ್ಕೊಂದು ತೂತು ಮಾಡಿಸಿ ನೀರಿನ ತಂಬಿಗೆ ಕೂರಿಸಿಕೊಂಡಿದ್ದೆ. ಎಂಥ ಗುಂಡಿಯಲ್ಲಿ ಇಳಿಸಿದರೂ, ಹಿಂದಿನ ಸೀಟಿನವರ ತಲೆ ಮೇಲಕ್ಕೆ ಬಡಿದರೂ, ತಂಬಿಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುವಾಗ ಇದು ನೆನಪಾಯಿತು. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಹೋಗಿ ಆ ಬಟ್ಟಲಿಗೆ ಟೇಪು ಹಿಡಿದೆ. ಬಾಯಿಯ ಹತ್ತಿರ ಆರೂಮುಕ್ಕಾಲು ಇಂಚು, ಕೆಳಗೆ ಹೋಗ್ತಾ ಸಣ್ಣ. ಆರು ಇಂಚಿನ ತೂತಿದ್ದರೆ ಕುತ್ತಿಗೆಯ ತನಕ ಇಳಿದು ಕೂರುತ್ತದೆ.

ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವಾಕೆ ಶಾಲೆಗೆ ಹೋಗುವ ಕಾಲದಲ್ಲಿ ನನ್ನ ಬಸ್ಸಿಗೇ ಬರುತ್ತಿದ್ದವಳು. ಆರು ಇಂಚಿನ ತೂತು ಅಂದೆ. ಒಳಗಿಂದ ಒಂದು ಸಾಮಾನು ತಂದಿಟ್ಟಳು. ಸಣ್ಣ ಪಾತ್ರೆಯಷ್ಟು ಅಗಲ. ಅಂಚಿನ ಸುತ್ತ ಹಲ್ಲು, ನಡುವೆ ಮೂಗಿನ ಹಾಗೆ ಒಂದು ಡ್ರಿಲ್ ಬಿಟ್. ಬಟ್ಟಲಿಗೆ ಹಲ್ಲು ಬಂದರೆ ಹೀಗೇ ಕಾಣುತ್ತದೆ. ಹೋಲ್ ಸಾ ಅಂತ ಹೆಸರು. ಡ್ರಿಲ್ ಮಷೀನಿಗೆ ಸಿಕ್ಕಿಸಿ ತಿರುಗಿಸಿದರೆ ಹಲಗೆಯನ್ನು ದುಂಡಗೆ ಕಚ್ಚಿ ಬಿಲ್ಲೆಯನ್ನೇ ತೆಗೆಯುತ್ತದಂತೆ.

ಕೊಡು ಅಂದೆ. ಇದು ದೊಡ್ಡದು, ಕೈ ತಿರುಚುತ್ತೆ, ಹೇಗೆ ಬಳಸಬೇಕು ಅಂತ ಹೇಳ್ತೀನಿ ಕೂತ್ಕೊಳ್ಳಿ ಅಂದಳು. ಐವತ್ತು ಜನ ಕೂತ ಗಾಡಿ ಘಾಟಿ ಹತ್ತಿಸಿದವನಿಗೆ ಇದೇನು ಅಂದೆ.

‘ಅದೇ ಗಾಡಿ ಹಿಂದೆ ನಾನು ದಿನಾ ಓಡಿದ್ದೀನಲ್ಲ ಡ್ರೈವರಣ್ಣ. ಕನ್ನಡಿಯಲ್ಲಿ ನೋಡಿನೂ ಗೇರು ಹಾಕ್ತಿದ್ರಿ. ಒಂದು ನಿಮಿಷ ಕಾದಿದ್ರೆ ಇಂಜಿನ್ ಸತ್ತು ಹೋಗ್ತಿತ್ತಾ?’

ಟೈಮ್ ಅಂದರೆ ಟೈಮ್ ಅಂದೆ. ಮಷೀನು, ಹಲ್ಲಿನ ಬಟ್ಟಲು, ಎರಡು ದಪ್ಪ ಹಲಗೆ ಹೊರಿಸಿಕೊಂಡು ಬಂದೆ. ಮಷೀನು ಅವಳದೇ, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು.

ಮಾರ್ಚ್ ೧೨, ಬುಧವಾರ

ಹಿತ್ತಲಿನಲ್ಲಿ ಹಲಗೆ ಇಟ್ಟೆ. ಮಷೀನಿನ ಮೇಲೆ ಒಂದು, ಎರಡು ಅಂತ ಗೇರು ಇದೆ. ಎರಡಕ್ಕೆ ಹಾಕಿ ಒತ್ತಿದೆ.

ಮೊದಲು ಕಿರುಚಿತು. ಆಮೇಲೆ ಹೊಗೆ. ಹೊಗೆ ಬಂದರೆ ಕೆಲಸ ಆಗುತ್ತಿದೆ ಅಂತ ಇನ್ನೂ ಒತ್ತಿದೆ. ಹಲ್ಲು ಎಲ್ಲೋ ಕಚ್ಚಿಕೊಂಡಿತು. ಬಟ್ಟಲು ನಿಂತು ಮಷೀನು ತಿರುಗಿತು, ಮಷೀನಿನ ಜೊತೆ ನನ್ನ ಮುಂಗೈ ತಿರುಗಿತು, ಹಲಗೆ ಹಾರಿ ಬಕೆಟ್ಟಿಗೆ ಬಡಿಯಿತು. ಸಿಟ್ಟು ಬಂದು ಹಲಗೆಯನ್ನು ಮೆಟ್ಟಿ ಹಿಡಿದು ಮತ್ತೆ ಒತ್ತಿದೆ. ಕೊನೆಗೂ ಕೆಳಗಡೆಯಿಂದ ಹೊರಬಂತು. ಮೇಲೆ ನೋಡಿದರೆ ಸುಟ್ಟ ರೊಟ್ಟಿಯ ಅಂಚು. ತಿರುಗಿಸಿ ನೋಡಿದರೆ ನಾಯಿ ಕಚ್ಚಿದ ಹಾಗೆ ಚಕ್ಕೆ ಎದ್ದು ಹೋಗಿದೆ. ಬಿಲ್ಲೆ ಆ ಹಲ್ಲಿನ ಬಟ್ಟಲೊಳಗೆ ಸಿಕ್ಕಿಕೊಂಡು, ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆಯಲು ಸಾಯಂಕಾಲವಾಯಿತು.

ಹಲಗೆ ಹಾಳು. ಮುಂಗೈ ಊದಿದೆ. ಇವಳು ಕಿಟಕಿಯಿಂದ ಎಲ್ಲಾ ನೋಡಿದಳು. ಏನೂ ಹೇಳಲಿಲ್ಲ. ಹೇಳಲು ಬರದಿರುವುದೇ ವಾಸಿ.

ಮಾರ್ಚ್ ೧೩, ಗುರುವಾರ

ಅಂಗಡಿಯಾಕೆ ನನ್ನ ಕೈ ನೋಡಿ ಸ್ಟೂಲು ಸರಿಸಿದಳು. ಕೂತೆ.

ಅವಳು ಹೇಳಿದ್ದು ಇದು, ಮರೆಯಬಾರದೆಂದು ಬರೆದಿಡುತ್ತೇನೆ. ದೊಡ್ಡ ತೂತಿಗೆ ಒಂದನೇ ಗೇರು. ಹಲಗೆಯನ್ನು ಕ್ಲಾಂಪು ಹಾಕಿ ಮೇಜಿಗೆ ಬಿಗಿಯಬೇಕು, ಕಾಲಿನಿಂದ ಮೆಟ್ಟಬಾರದು. ಪಕ್ಕದ ಹಿಡಿಯನ್ನು ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿಯಬೇಕು. ಒತ್ತಬಾರದು, ಹಲ್ಲು ತಾನೇ ತಿನ್ನುತ್ತದೆ. ಸ್ವಲ್ಪ ತಿಂದ ಮೇಲೆ ನಿಲ್ಲಿಸಿ, ಎತ್ತಿ, ಹೊಟ್ಟು ತೆಗೆಯಬೇಕು. ಹೊಟ್ಟು ತುಂಬಿಕೊಂಡರೆ ಹಲ್ಲು ಮರ ತಿನ್ನುವುದಿಲ್ಲ, ಉಜ್ಜಿ ಉಜ್ಜಿ ಸುಡುತ್ತದೆ. ಮುಖ್ಯವಾದ್ದು ಕೊನೆಯದು. ಒಂದೇ ಕಡೆಯಿಂದ ಪೂರ್ತಿ ಇಳಿಯಬಾರದು. ನಡುವಿನ ಡ್ರಿಲ್ ಬಿಟ್ ಆ ಕಡೆ ಮೂತಿ ತೋರಿಸಿದ ಕೂಡಲೇ ಹಲಗೆಯನ್ನು ಮಗುಚಿ, ಅದು ಮಾಡಿದ ಸಣ್ಣ ತೂತಿಗೇ ಅದರ ಮೂತಿ ಇಟ್ಟು, ಹಿಂದಿನಿಂದ ಕೊರೆಯಬೇಕು. ಆಗ ಎರಡೂ ಮುಖ ನುಣ್ಣಗಿರುತ್ತದೆ.

ಹಿಂದಿನ ಮುಖ ಯಾರು ನೋಡ್ತಾರೆ ಅಂದೆ. ‘ಅಡ್ಡದಾರಿ ಕೇಳ್ಬೇಡಿ’ ಅಂದಳು.

ಮಾರ್ಚ್ ೧೫, ಶನಿವಾರ

ಒಳ್ಳೆಯ ಹಲಗೆಗೆ ಕೈ ಹಾಕುವ ಮುಂಚೆ, ಕೆಟ್ಟ ಹಲಗೆಯ ಇನ್ನೊಂದು ತುದಿಯಲ್ಲಿ ಅಭ್ಯಾಸ ಮಾಡಿದೆ. ಇವಳು ಕುರ್ಚಿ ಬೇಕು ಅಂತ ಸನ್ನೆ ಮಾಡಿದಳು. ಹಿತ್ತಲಿನ ಬಾಗಿಲಲ್ಲಿ ಹಾಕಿಕೊಟ್ಟೆ. ತೊಡೆಯ ನಡುವೆ ಮಾತ್ರೆಗೆ ನೀರು ಕುಡಿದ ಸ್ಟೀಲ್ ಲೋಟ, ಕೈಯಲ್ಲಿ ಚಮಚ.

ಒಂದನೇ ಗೇರು. ಚೆನ್ನಾಗಿಯೇ ಹೋಯಿತು. ಆದರೆ ನನ್ನ ಕೈ ತನ್ನಷ್ಟಕ್ಕೆ ತಾನೇ ಒತ್ತುತ್ತದೆ. ನಾನು ಒತ್ತುತ್ತಿಲ್ಲ, ಅದು ಒತ್ತುತ್ತದೆ. ಹೊಗೆಯ ವಾಸನೆ ಬರುವಷ್ಟರಲ್ಲಿ ಟಣ್ ಅಂತ ಸದ್ದಾಯಿತು. ನನ್ನ ಕಾಲು ಬ್ರೇಕ್ ಹುಡುಕಿತು, ಬೆರಳು ಸ್ವಿಚ್ಚು ಬಿಟ್ಟಿತು. ತಿರುಗಿ ನೋಡಿದರೆ ಇವಳು ಲೋಟಕ್ಕೆ ಚಮಚ ಬಡಿದಿದ್ದಾಳೆ. ಹೊಟ್ಟಿನ ಕಡೆ ಗದ್ದ ತೋರಿಸಿದಳು. ಊದಿ ತೆಗೆದೆ. ಆಮೇಲೆ ಟಣ್ ಟಣ್.

ಬಸ್ಸಿನಲ್ಲಿ ಕಂಡಕ್ಟರ್ ಒಂದು ಬೆಲ್ ಹೊಡೆದರೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ನನ್ನ ಜೊತೆ ಬಾಳಿದವಳಿಗೆ ಅಷ್ಟು ಗೊತ್ತಿರದೆ ಇರುತ್ತದೆಯೇ. ಒಂದು ಬೆಲ್ಲಿಗೆ ನಿಂತೆ, ಎರಡಕ್ಕೆ ಹೊರಟೆ, ಒಂದಕ್ಕೆ ನಿಂತೆ. ಇಂಥ ಖಡಕ್ ಕಂಡಕ್ಟರ್ ನನ್ನ ಸರ್ವೀಸಿನಲ್ಲಿ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಡಿಪೋಗೆ ದೂರು ಕೊಡುತ್ತಿದ್ದೆ.

ಕೊನೆಯ ಬೆರಳಗಲದಲ್ಲಿ ಬೆಲ್ ಕೇಳಿದರೂ ಕೇಳದ ಹಾಗೆ ಒತ್ತಿದೆ. ಅಲ್ಲೊಂದು ಚೂರು ಚಕ್ಕೆ ಎದ್ದಿತು. ಇವಳು ಲೋಟ ಕೆಳಗಿಟ್ಟು ಒಳಗೆ ಹೋದಳು.

ಮಾರ್ಚ್ ೧೬, ಭಾನುವಾರ

ಮಗಳು ಬಂದಳು. ಹಿತ್ತಲು ನೋಡಿ, ಅಪ್ಪ ಇದೇನು ಮರದ ಮಿಲ್ಲು ಹಾಕಿದ್ದೀಯಾ ಅಂದಳು. ಅಮ್ಮನಿಗೆ ಕೆಮ್ಮು ಬರುತ್ತೆ ಅಂದಳು. ಕೆಮ್ಮಿದ್ದು ಅವಳೇ. ತನ್ನ ಮನೆಯ ರೂಮಿಗೆ ತಿಳಿ ನೀಲಿ ಬಣ್ಣ ಹೊಡೆಸಿದ್ದಾಳಂತೆ, ಮೊಬೈಲಿನಲ್ಲಿ ತೋರಿಸಿದಳು. ಇವಳು ಚೆನ್ನಾಗಿದೆ ಅಂತ ತಲೆ ಆಡಿಸಿದಳು. ಬಣ್ಣ ನಿಜಕ್ಕೂ ಚೆನ್ನಾಗಿತ್ತು.

ಮಾರ್ಚ್ ೧೯, ಬುಧವಾರ

ಬಂತು.

ಬರೆಯಲು ಹೆಚ್ಚೇನಿಲ್ಲ. ಒಳ್ಳೆಯ ಹಲಗೆ, ಒಂದನೇ ಗೇರು, ನಿಲ್ಲು, ಹೊರಡು, ನಿಲ್ಲು. ಮಗುಚಿದೆ. ಮತ್ತೆ ನಿಲ್ಲು, ಹೊರಡು. ಕೊನೆಯಲ್ಲಿ ಅವಳು ಬೆಲ್ ಹೊಡೆಯುವ ಮುಂಚೆಯೇ ನಿಲ್ಲಿಸಿದೆ, ಯಾಕೋ. ಹೊಟ್ಟು ತೆಗೆದೆ. ಟಣ್ ಟಣ್. ಮೆಲ್ಲಗೆ ಬಿಟ್ಟೆ. ಸದ್ದೇ ಬದಲಾಯಿತು, ಬಿಲ್ಲೆ ಬಿಟ್ಟುಕೊಂಡಿತು. ಕೈಗೆ ಬಂದಾಗ ಬಿಸಿ ಕೂಡ ಇರಲಿಲ್ಲ, ಉಗುರುಬೆಚ್ಚಗೆ ಇತ್ತು. ಸುಟ್ಟ ಕಲೆ ಇಲ್ಲ, ಮೇಲೆ ಕೆಳಗೆ ಎರಡೂ ಕಡೆ ಒಂದೇ ಸಮ.

ಇವಳು ತೂತಿನೊಳಗೆ ಎಡಗೈ ತೂರಿಸಿ ಆ ಕಡೆಯಿಂದ ನನಗೆ ಟಾಟಾ ಮಾಡಿದಳು.

ಮಾರ್ಚ್ ೨೧, ಶುಕ್ರವಾರ

ತೂತಿನ ಒಳಬದಿಗೆ ಉಪ್ಪುಕಾಗದ ತಿಕ್ಕಬೇಕು. ಇವಳು ಕಾಗದ ಕಿತ್ತುಕೊಂಡು ತಾನೇ ಕೂತಳು. ಮೂರು ತಿಕ್ಕಿಗೊಮ್ಮೆ ಕಾಗದ ಜಾರಿ ಬೀಳುತ್ತದೆ. ಬಾಗಿ ಎತ್ತಿಕೊಳ್ಳುತ್ತಾಳೆ. ಮತ್ತೆ ಬೀಳುತ್ತದೆ. ನಾನು ಮಾಡಿದರೆ ಹತ್ತು ನಿಮಿಷದ ಕೆಲಸ, ಆದರೆ ನನ್ನ ಮುಂಗೈ ಇನ್ನೂ ನೋಯುತ್ತಿತ್ತು, ಅದಕ್ಕೇ ಸುಮ್ಮನಿದ್ದೆ. ನಿನ್ನೆ ಸಂಜೆ, ಇವತ್ತು ಸಂಜೆ ಅದೇ ಆಯಿತು. ಈಗ ಬೆರಳಾಡಿಸಿದರೆ ರೇಷ್ಮೆ.

ಅಷ್ಟರಲ್ಲಿ ನಾನು ಹಲಗೆಯ ಮುಂದಿನ ಅಂಚಿಗೆ ನಡುಮಧ್ಯೆ ಅರ್ಧಚಂದ್ರದ ಹಾಗೆ ಕೊರೆದೆ, ಕುರ್ಚಿ ಎಳೆದು ಕೂತಾಗ ಹೊಟ್ಟೆಗೆ ತಾಗಬಾರದಲ್ಲ. ಅಡುಗೆಕಟ್ಟೆಗೂ ಕಿಟಕಿಯ ಕೆಳಗಿನ ಕಟ್ಟೆಗೂ ಮಧ್ಯೆ ಸೇತುವೆಯ ಹಾಗೆ ಈ ಹಲಗೆ ಬರುತ್ತದೆ. ಎರಡೂ ತುದಿಗೆ ಬೋಲ್ಟು. ಅವಳು ಕೂತಲ್ಲಿಂದಲೇ ಬಟ್ಟಲು, ಹಿಟ್ಟಿನ ಡಬ್ಬ, ಒಲೆ ಹಚ್ಚುವ ಕಿವಿ ಎಲ್ಲಾ ಕೈಗೆ ಎಟಕುತ್ತದೆ.

ತಲೆ ಅಂದರೆ ತಲೆ.

ಮಾರ್ಚ್ ೨೪, ಸೋಮವಾರ

ತಲೆಯಂತೆ ತಲೆ. ಕುಂಬಳಕಾಯಿ.

ಬೆಳಿಗ್ಗೆ ಹಲಗೆ ಕೂರಿಸಿ, ಬೋಲ್ಟು ಬಿಗಿದು, ಬಟ್ಟಲು ಇಳಿಸಿದೆ. ಕುತ್ತಿಗೆಯ ತನಕ ಇಳಿದು ಕೂತಿತು. ಗುದ್ದಿದೆ, ಅಲ್ಲಾಡಲಿಲ್ಲ. ಸಿಂಹಾಸನ ತೋರಿಸುವ ಹಾಗೆ ಕುರ್ಚಿ ತೋರಿಸಿದೆ. ಕೂತಳು. ಎಡಗೈ ಎತ್ತಿದಳು. ಎತ್ತಿ, ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬಟ್ಟಲಿನ ತೂತು ಹಲಗೆಯ ಬಲತುದಿಯಲ್ಲಿದೆ.

ಇಷ್ಟು ವರ್ಷ ಅವಳು ಬಲಗೈಯಲ್ಲಿ ಕಲಸಿದ್ದನ್ನು ನೋಡಿದ್ದೇನೆ. ಪೆನ್ಸಿಲ್ ಗೆರೆ ಹಾಕುವಾಗ ಕಣ್ಣೆದುರು ಬಂದದ್ದು ಆ ಕೈ. ಪಕ್ಕದಲ್ಲೇ ಕೂತು ಎಡಗೈಯಲ್ಲಿ ಬೆಲ್ ಹೊಡೆದವಳ ಕೈ ಕಣ್ಣಿಗೆ ಬೀಳಲೇ ಇಲ್ಲ. ತಿಕ್ಕಿದವಳಿಗೂ ಹೊಳೆಯಲಿಲ್ಲ ಅನ್ನಿ, ಅವಳ ಮುಂದೆ ಹಲಗೆ ಎಲ್ಲಾ ದಿಕ್ಕಿಗೂ ಮಲಗಿತ್ತು. ಎಡಗೈಯನ್ನು ಮೈಗೆ ಅಡ್ಡವಾಗಿ ಚಾಚಿ ನೋಡಿದಳು. ಬಟ್ಟಲಿನ ಅಂಚು ಮುಟ್ಟುತ್ತದೆ, ತಳ ಸಿಗುವುದಿಲ್ಲ.

ಆಮೇಲೆ ನಕ್ಕಳು. ಬಾಯಿ ಒಂದು ಕಡೆಗೆ ಸ್ವಲ್ಪ ಓರೆಯಾಗುತ್ತದೆ ಈಗ, ಆದರೂ ಅದೇ ನಗು. ಕಣ್ಣಲ್ಲಿ ನೀರು ಬರುವ ತನಕ. ಕಾಯಿಲೆ ಬಿದ್ದ ಮೇಲೆ ಮೊದಲ ಸಲ. ನನಗೆ ಮೈಯೆಲ್ಲ ಉರಿಯಿತು. ಬೋಲ್ಟು ಬಿಚ್ಚಿದೆ. ಹಲಗೆ ಹಿಂದುಮುಂದು ತಿರುಗಿಸಿದೆ. ತೂತು ಎಡಕ್ಕೆ ಬಂತು, ಅರ್ಧಚಂದ್ರ ಗೋಡೆಯ ಕಡೆಗೆ ಹೋಯಿತು. ಇನ್ನೊಂದು ತೂತು ಕೊರೆದರೆ ನಡುವೆ ಹಲಗೆಯೇ ಉಳಿಯುವುದಿಲ್ಲ. ಹೊಸ ಹಲಗೆ ತರಬೇಕು, ಮೊದಲಿಂದ ಶುರು ಮಾಡಬೇಕು, ಬರುವ ಭಾನುವಾರ ಮಗಳು ಕಾರು ತರುತ್ತಾಳೆ. ಸೌದೆಗೆ ಹಾಕ್ತೀನಿ ಇದನ್ನು ಅಂತ ಎತ್ತಿಕೊಂಡು ಹೊರಟೆ.

ಟಣ್.

ಬಾಗಿಲಲ್ಲಿ ನಿಂತೆ.

‘ಮ...’ ಅಂದಳು.

ಮಲಗ್ತೀಯಾ, ಮಾತ್ರೆ ಬೇಕಾ ಅಂತ ನಾಲಿಗೆಯ ತುದಿಗೆ ಬಂತು. ಆದರೆ ಹಲಗೆ ಭಾರ ಇತ್ತು, ಉಸಿರು ಕಟ್ಟಿತ್ತು, ಮಾತಾಡಲಿಲ್ಲ. ಅವಳು ಕಟ್ಟೆಯ ಮೇಲೆ ಅಂಗೈ ಬೋರಲಾಗಿ ಇಟ್ಟಳು. ಎತ್ತಿದಳು. ಮೇಲುಮುಖ ಮಾಡಿ ಇಟ್ಟಳು, ಕಾವಲಿಯ ಮೇಲೆ ರೊಟ್ಟಿ ತಿರುವಿದ ಹಾಗೆ. ಪಕ್ಕದ ಮನೆಯ ಕುಕ್ಕರ್ ಒಂದು ಸಲ ಕೂಗಿ ನಿಂತಿತು. ನಾನು ಕಾದೆ.

‘ಮಗುಚಿ.’

ಹಿಂದುಮುಂದು ಅಲ್ಲ, ಅಡಿಮೇಲು. ತಂದು ಬೋರಲು ಹಾಕಿದೆ. ಅರ್ಧಚಂದ್ರ ಮುಂದೆಯೇ ಉಳಿಯಿತು, ತೂತು ಎಡಕ್ಕೆ ಬಂತು. ಹಿಂದಿನ ಮುಖ ಯಾರು ನೋಡ್ತಾರೆ ಅಂದಿದ್ದೆನಲ್ಲ, ಆ ಮುಖ ಈಗ ಮೇಲಿದೆ. ಒಂದು ಚಕ್ಕೆ ಎದ್ದಿಲ್ಲ. ಮೊದಲ ಹಲಗೆಯಾಗಿದ್ದರೆ ಇವಳ ಕೈ ತುಂಬ ಸಿಬಿರು.

ಬೋಲ್ಟಿನ ತೂತುಗಳು ಕೂಡ ಅದದೇ ಜಾಗಕ್ಕೆ ಬಂದವು. ಅದು ನನ್ನ ಪುಣ್ಯ, ಲೆಕ್ಕ ಹಾಕಿದ್ದಲ್ಲ.

ಮಾರ್ಚ್ ೨೫, ಮಂಗಳವಾರ

ಬಟ್ಟಲು ಜಾರುವುದಿಲ್ಲ, ಆದರೆ ಸುತ್ತುತ್ತದೆ. ದುಂಡು ತೂತಿನಲ್ಲಿ ದುಂಡು ಬಟ್ಟಲು, ನಾದಿದ ಕಡೆಗೆ ಗಿರಗಿರ. ಬಟ್ಟಲಿಗೆ ತೂತು ಹೊಡೆದು ಸ್ಕ್ರೂ ಹಾಕುತ್ತೇನೆ ಅಂದೆ. ಅವಳು ನನ್ನ ತಲೆಯ ಕಡೆ ಬೆರಳು ಮಾಡಿ, ಸ್ಕ್ರೂ ಅಲ್ಲಿಗೆ ಬೇಕು ಅಂತ ಸನ್ನೆ ಮಾಡಿದಳು. ಮಾತು ಬರದವರ ಬಾಯಿ ಬಹಳ ದೊಡ್ಡದು.

ಸೈಕಲ್ ಟ್ಯೂಬು ಕತ್ತರಿಸಿ ತೂತಿನ ಅಂಚಿಗೆ ಅಂಟಿಸಿದೆ. ಈಗ ಗಟ್ಟಿ.

ಮಾರ್ಚ್ ೨೭, ಗುರುವಾರ

ಮೂರು ದಿನದಿಂದ ತಣ್ಣೀರಿನಲ್ಲಿ ಹಿಟ್ಟು ಕಲಸುತ್ತಿದ್ದಾಳೆ. ಮೊದಲ ದಿನದ್ದು ಗೋಡೆಗೆ ಪೋಸ್ಟರ್ ಅಂಟಿಸಲು ಆಗುತ್ತಿತ್ತು. ಎರಡನೇ ದಿನದ್ದು ಕಲ್ಲು. ಇವತ್ತಿನದು ಹಿಟ್ಟು. ನಾನು ಎದುರಿಗೆ ಕೂತು ಈರುಳ್ಳಿ ಸುಲಿಯುತ್ತೇನೆ, ಅಷ್ಟೇ.

ಸುಲಿಯುತ್ತಿದ್ದಾಗ ‘ಕಿ...’ ಅಂದಳು. ಸುಲಿಯುತ್ತಲೇ ಇದ್ದೆ. ಎರಡು ಈರುಳ್ಳಿ ಆದ ಮೇಲೆ ಪೂರ್ತಿ ಬಂತು. ‘ಕಿತ್ತಳೆ.’ ಹೋಗಿ ತಂದೆ. ತಿಂಗಳ ಮೊದಲಿಂದ ಆಸೆಯಾಗಿತ್ತಂತೆ ಪುಣ್ಯಾತ್ಗಿತ್ತಿಗೆ. ಮುಂಚೆಯೇ ಹೇಳಬಾರದಾ.

ಮಷೀನು ವಾಪಸ್ ಕೊಟ್ಟೆ. ಅಂಗಡಿಯಾಕೆ ಹೇಗಾಯ್ತು ಅಂದಳು. ಆಯ್ತು ಅಂದೆ. ಮಾತಾಡುತ್ತಾ ಸ್ವಲ್ಪ ಹೊತ್ತು ಕೂತಿದ್ದೆ, ಮಳಿಗೆಯಲ್ಲಿ ಜನ ಇರಲಿಲ್ಲ.

ಮಾರ್ಚ್ ೨೯, ಶನಿವಾರ

ನಾಳೆ ಮಗಳು ಬರುತ್ತಾಳೆ. ಇವಳು ಬಟ್ಟೆ ಕಟ್ಟಿಕೊಂಡಿಲ್ಲ. ನಾನು ಕಟ್ಟು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬೋಲ್ಟು ಇನ್ನೊಂದು ಸುತ್ತು ಬಿಗಿದೆ.

ಮಾರ್ಚ್ ೩೦, ಭಾನುವಾರ

ಮಗಳು ಕಾರು ತಂದಿದ್ದಳು. ಹಿಂದಿನ ಸೀಟಿನಲ್ಲಿ ದಿಂಬು ಕೂಡ ಇಟ್ಟಿದ್ದಳು. ಕೈಯಲ್ಲಿ ಖಾಲಿ ಸೂಟ್‌ಕೇಸು. ಒಳಗೆ ಬಂದರೆ ಅಮ್ಮ ನಡುಮನೆಯಲ್ಲಿಲ್ಲ.

ಅಡುಗೆಮನೆಯಲ್ಲಿ ಇವಳು ಅರ್ಧಚಂದ್ರದೊಳಗೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಇವತ್ತು ಬಿಸಿನೀರು. ಕೆಟಲಿನಿಂದ ಸಣ್ಣ ಧಾರೆಯಾಗಿ ತಾನೇ ಸುರಿದುಕೊಂಡಳು. ಮಗಳ ಉಸಿರು ನಿಂತದ್ದು ನನಗೆ ಕೇಳಿಸಿತು. ಚಮಚ ತಿರುಗಿಸಿದಳು. ಬಟ್ಟಲು ಬಂಡೆಯ ಹಾಗೆ ಕೂತಿತ್ತು. ಸ್ವಲ್ಪ ಆರಿದ ಮೇಲೆ ಎಡಗೈ ಮುಷ್ಟಿ ಮಾಡಿ ನಾದತೊಡಗಿದಳು. ನಿಧಾನ. ಬಹಳ ನಿಧಾನ. ಒಂದು ಕಡೆ ಒಣ ಹಿಟ್ಟು ಉಳಿದಿತ್ತು, ಅದು ಅವಳಿಗೆ ಕಾಣಿಸಿರಲಿಲ್ಲ. ಮಗಳು ಸೂಟ್‌ಕೇಸು ಕೆಳಗಿಟ್ಟು, ‘ಬಿಡಮ್ಮ, ಅಷ್ಟು ನಾನು ಮಾಡ್ತೀನಿ’ ಅಂತ ಬಟ್ಟಲಿಗೆ ಕೈ ಚಾಚಿದಳು.

‘ಕೈ ತೆಗಿ’ ಅಂದೆ.

‘ಅಲ್ಲಪ್ಪ, ಒಣ ಹಿಟ್ಟು...’

‘ಅವಳಿಗೆ ಸಿಗುತ್ತೆ. ಒಂದು ನಿಮಿಷ ಕಾದ್ರೆ ನಿನ್ನ ಇಂಜಿನ್ ಸತ್ತು ಹೋಗಲ್ಲ.’

ಮಗಳು ನನ್ನನ್ನು ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ ನೋಡಿದಳು. ಯಾಕೆ ಅಂತ ತಿಳಿಯಲಿಲ್ಲ, ನಾನೇನು ತಪ್ಪು ಹೇಳಿದೆ. ಅಷ್ಟರಲ್ಲಿ ಇವಳ ಬೆರಳು ಬಟ್ಟಲಿನ ಸುತ್ತ ಹೋಗಿ ಒಣ ಹಿಟ್ಟನ್ನು ಹುಡುಕಿ ಒಳಗೆ ಎಳೆದುಕೊಂಡಿತು.

ರೊಟ್ಟಿ ದುಂಡಗಾಗಲಿಲ್ಲ. ಒಂದು ಎಲೆಯ ಹಾಗೆ, ಒಂದು ಕಿವಿಯ ಹಾಗೆ. ಕಾವಲಿಯ ಮೇಲೆ ತಾನೇ ಹಾಕಿದಳು, ತಾನೇ ಮಗುಚಿದಳು. ಮಗಳು ಸೂಟ್‌ಕೇಸಿನ ಮೇಲೆಯೇ ಕೂತು ತಿಂದಳು. ಮೂರು ತಿಂದಳು. ಆಮೇಲೆ ಟೀಚರ್ ದನಿ ಎಲ್ಲಿ ಹೋಯಿತೋ, ಮೂಗೊರೆಸಿಕೊಂಡು ಅಮ್ಮನ ಮೊಣಕಾಲ ಹತ್ತಿರ ನೆಲದ ಮೇಲೆ ಕೂತಳು. ಇವಳು ಹಿಟ್ಟಿನ ಕೈಯಲ್ಲೇ ಅವಳ ತಲೆ ಸವರಿದಳು. ಕೂದಲೆಲ್ಲ ಬೆಳ್ಳಗಾಯಿತು.

‘ನೀಲಿ ರೂಮು?’ ಅಂದಳು ಮಗಳು.

ಉತ್ತರ ಬರಲು ಹೊತ್ತು ಹಿಡಿಯಿತು. ಇಬ್ಬರೂ ಕಾದೆವು. ಒಲೆಯ ಮೇಲೆ ಕಾವಲಿ ಚಿಟಪಟ ಅನ್ನುತ್ತಿತ್ತು.

‘ಬರ್ತೀನಿ’ ಅಂದಳು ಇವಳು. ಆಮೇಲೆ, ‘ನೆಂಟಳಾಗಿ.’

ಮಗಳು ಖಾಲಿ ಸೂಟ್‌ಕೇಸು ತೆಗೆದುಕೊಂಡೇ ಹೋದಳು. ಹೋಗುವಾಗ ಮೊದಲ ಸಲ ಕೊರೆದ ಸುಟ್ಟ ಬಿಲ್ಲೆ ಕೇಳಿದಳು, ಮೇಜಿನ ಮೇಲೆ ಬಿಸಿ ಪಾತ್ರೆ ಇಡಲು. ಕೊಡಲಿಲ್ಲ. ಇವಳು ಅದನ್ನು ಆಗಲೇ ನನ್ನ ಟೀ ಲೋಟದ ಕೆಳಗೆ ಇಟ್ಟಾಗಿತ್ತು. ಎರಡನೆಯದು ಕೊಟ್ಟೆ, ಚಕ್ಕೆ ಎದ್ದದ್ದು ಒಂದೇ ಕಡೆ.

ಈಗ ಸಂಜೆ. ಮೇಜಿನ ಆ ಕಡೆ ಅವಳ ಪುಟ ಮು‌ಗಿದಿದೆ. ನನ್ನದು ಇನ್ನೂ ನಡೆಯುತ್ತಿದೆ, ಯಾಕೋ ಬರೆಯುವುದು ಉದ್ದವಾಗುತ್ತಿದೆ. ನಾಳೆ ಅಂಗಡಿಗೆ ಹೋಗಿ ಮೂರು ಇಂಚಿನ ಹಲ್ಲಿನ ಬಟ್ಟಲು ಕೇಳಬೇಕು. ಡಬ್ಬ ಹಿಡಿದುಕೊಳ್ಳಲು ಅದೇ ಹಲಗೆಯ ಅಂಚಿಗೆ ಇನ್ನೊಂದು ತೂತು ಬೇಕಂತೆ, ಮುಚ್ಚಳ ತಿರುಗಿಸಲು. ಯಾವ ಕಡೆ ಬೇಕು ಅಂತ ಈ ಸಲ ಅವಳನ್ನೇ ಕೇಳಿ ಗೆರೆ ಹಾಕುವುದು. ಇನ್ನೂ ಒಂದು ವಿಷಯ ಬರೆಯಬೇಕೆಂದಿದ್ದೆ,

ಟಣ್ ಅಂತು. ಒಂದೇ ಬೆಲ್. ನಿಲ್ಲಿಸಿದೆ.